ಜೀವನಸಂಧಿಗಳೂ ಆಹಾರನಿಯಮವೂ

ವರ್ಷದಲ್ಲಿ ಆರು ಋತುಗಳು ಬಂದು ಹೋಗುತ್ತವೆ. ಒಂದು ಋತುವು ಮುಗಿದು ಇನ್ನೊಂದು ತೊಡಗುವ ನಡುವಣ ಕಾಲಕ್ಕೆ ಋತುಸಂಧಿಯೆಂದು ಹೆಸರು. ಕಳೆಯುವ ಋತುವಿನ ಕಡೆಯ ಏಳು ದಿನಗಳೂ ಬರುವ ಋತುವಿನ ಮೊದಲ ಏಳು ದಿನಗಳೂ ಸೇರಿ ಹದಿನಾಲ್ಕು ದಿನಗಳ ಅವಧಿ ಇದೆಂದು ಅಷ್ಟಾಂಗಹೃದಯದ ಕರ್ತೃವಾದ ವಾಗ್ಭಟನು ನಿರ್ಣಯಿಸಿದ್ದಾನೆ. ಈ ಅವಧಿಯಲ್ಲಿ ಹಿಂದಿನ ಋತುವಿನ ಆಹಾರವಿಹಾರಗಳನ್ನು ಮೆಲ್ಲಮೆಲ್ಲನೆ ಬಿಡುತ್ತ, ಮುಂದಿನ ಋತುವಿಗೆ ತಕ್ಕವುಗಳನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂಬುದು ಅವನ ವಿಧಿ. ಹಾಗೆ ಮಾಡದೆ ಹಠಾತ್ತನೆ ಬಿಟ್ಟು ಹಠಾತ್ತನೆ ಹಿಡಿದರೆ, ಒಗ್ಗದ ಆಹಾರದಿಂದ ಹುಟ್ಟುವ ರೋಗಗಳು ತಲೆದೋರುತ್ತವೆಂದು ಅವನು ಎಚ್ಚರಿಸುತ್ತಾನೆ. ಈ ವಿಧಿಯಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಸಿದ್ಧತೆಯು ತೊಡಗುವುದು ಹೊಸ ಋತುವು ಕಾಲಿರಿಸಿದ ಮೇಲೆ ಅಲ್ಲ. ಅದಕ್ಕೆ ಏಳು ದಿನ ಮುಂಚಿತವಾಗಿಯೇ.

ಮನುಷ್ಯನ ಬಾಳಿಗೂ ಋತುಗಳುಂಟು, ಸಂಧಿಗಳುಂಟು. ಹುಟ್ಟಿದ ಮನೆಯನ್ನು ಬಿಟ್ಟು ವಿದ್ಯಾರ್ಜನೆಗಾಗಿ ಪಟ್ಟಣಕ್ಕೆ ಹೋಗುವುದು ಒಂದು ಸಂಧಿ. ವಿವಾಹವು ಒಂದು ಸಂಧಿ. ಸ್ತ್ರೀಯು ತಾಯಿಯಾಗುವುದು ಒಂದು ಸಂಧಿ. ದುಡಿಮೆಯಿಂದ ನಿವೃತ್ತಿ ಹೊಂದುವುದು ಮತ್ತೊಂದು. ಈ ಸಂಧಿಗಳಿಗಾಗಿ ಜನರು ಬಟ್ಟೆಬರೆಗಳನ್ನು ಸಿದ್ಧಪಡಿಸುತ್ತಾರೆ, ಹಣವನ್ನು ಕೂಡಿಡುತ್ತಾರೆ, ಮುಹೂರ್ತವನ್ನು ನೋಡಿಸುತ್ತಾರೆ. ಈ ಎಲ್ಲ ಬದಲಾವಣೆಗಳನ್ನು ಹೊತ್ತು ನಡೆಯಬೇಕಾದ ಶರೀರವನ್ನು ಮಾತ್ರ ಸಿದ್ಧಪಡಿಸುವುದಿಲ್ಲ. ಬಾಳು ಬದಲಾಗುವುದಕ್ಕೆ ಮುಂಚೆ ಉಣಿಸಿನ ಅಭ್ಯಾಸವು ತಿದ್ದಿಕೊಳ್ಳಬೇಕು. ಮೈಯಲ್ಲಿ ಸೇರಿದ ಹೆಚ್ಚಿನ ಭಾರವು ಇಳಿಯಬೇಕು. ಅದೂ ಅವಸರವಿಲ್ಲದೆ, ಕ್ರಮವಾಗಿ ಆಗಬೇಕು. ಈ ವಿಷಯವನ್ನು ಮಲೆನಾಡಿನ ಜೀವನವನ್ನು ಮುಂದಿರಿಸಿಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುದುರೆಮುಖದ ನಿದರ್ಶನ

ಕಳಸದ ನೈಋತ್ಯಕ್ಕೆ ಕುದುರೆಯ ಮುಖವನ್ನು ಹೋಲುವ ಗಿರಿಶಿಖರವೊಂದು ಸುಮಾರು 1,890 ಮೀಟರುಗಳ ಎತ್ತರಕ್ಕೆ ಎದ್ದು ನಿಂತಿದೆ. ತುಂಗೆ, ಭದ್ರೆ, ನೇತ್ರಾವತಿಯರಿಗೆ ಉಗಮಸ್ಥಾನವಾದ ಗಂಗಾಮೂಲವು ಈ ಬೆಟ್ಟಗಳ ಸಾಲಿನಲ್ಲಿಯೇ ಇದೆ. ಈ ಬೆಟ್ಟಗಳ ಗರ್ಭದಲ್ಲಿದ್ದ ಕಬ್ಬಿಣದ ಅದಿರನ್ನು ತೆಗೆಯುವುದಕ್ಕಾಗಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪಿತವಾಯಿತು. ಕಾಡಿನ ನಡುವೆ ಮಲ್ಲೇಶ್ವರವೆಂಬಲ್ಲಿ ನೌಕರರಿಗಾಗಿ ಹೊಸ ಊರು ಎದ್ದಿತು. ಸುತ್ತಣ ಅರಣ್ಯವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅರಣ್ಯವೂ ಗಣಿಯೂ ಒಟ್ಟಿಗೆ ಬಾಳಲಾರವೆಂಬ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ನೆಯ ಇಸವಿಯ ಅಕ್ಟೋಬರ್ 30ರಂದು ತೀರ್ಪು ಹೊರಬಿದ್ದು, 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆಯು ನಿಂತುಹೋಯಿತು. ಕಾಲು ಶತಮಾನದಷ್ಟು ಕಾಲ ಗಿಜಿಗುಟ್ಟುತ್ತಿದ್ದ ಊರು ಕ್ರಮೇಣ ಬರಿದಾಯಿತು. ಸಂಸಾರಗಳು ಮಂಗಳೂರೇ ಮೊದಲಾದ ಊರುಗಳಿಗೆ ಚದುರಿದುವು.

ಈ ವೃತ್ತಾಂತದಲ್ಲಿ ಪ್ರಕೃತ ವಿಷಯಕ್ಕೆ ಬೇಕಾದುದು ಒಂದೇ ಮಾತು. ತೀರ್ಪಿಗೂ ಗಣಿಯು ನಿಂತ ದಿನಕ್ಕೂ ನಡುವೆ ಮೂರು ವರ್ಷ ಎರಡು ತಿಂಗಳುಗಳ ಅಂತರವಿದ್ದಿತು. ಬದಲಾವಣೆಯು ಸಿಡಿಲಿನಂತೆ ಎರಗಲಿಲ್ಲ. ತನ್ನ ದಿನಾಂಕವನ್ನು ಮುಂಚಿತವಾಗಿ ತಿಳಿಸಿಯೇ ಬಂದಿತು. ಬಾಳಿನ ಮುಖ್ಯ ಸಂಧಿಗಳಲ್ಲಿ ಹೆಚ್ಚಿನವು ಹೀಗೆಯೇ ಬರುತ್ತವೆ. ವಿವಾಹದ ದಿನವು ಲಗ್ನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಕಾಲೇಜು ತೆರೆಯುವ ತಿಂಗಳು ಎಲ್ಲರಿಗೂ ಗೊತ್ತಿರುತ್ತದೆ. ಸರಕಾರಿ ನೌಕರನು ಕೆಲಸಕ್ಕೆ ಸೇರಿದ ದಿನವೇ ಅವನ ನಿವೃತ್ತಿಯ ದಿನವೂ ದಾಖಲೆಯಲ್ಲಿ ಕಾಣುತ್ತದೆ. ಗೊತ್ತಿರುವ ದಿನಕ್ಕೆ ಸಿದ್ಧತೆ ಮಾಡಿಕೊಳ್ಳದಿರುವುದಕ್ಕೆ ಮರೆವಲ್ಲದೆ ಬೇರೆ ಕಾರಣವಿರಲಾರದು.

ದುಡಿಮೆಯೂ ತುತ್ತೂ

ಮಲೆನಾಡಿನವನ ಊಟವು ಅವನ ದುಡಿಮೆಯಿಂದ ರೂಪುಗೊಂಡುದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಸುರಿಯುವ ಮಳೆ. ಮೊಣಕಾಲುದ್ದದ ಕೆಸರಿನಲ್ಲಿ ನಾಟಿ. ಕಂಬಳಿಕೊಪ್ಪೆ ಹೊದ್ದು ತೋಟದ ಕಳೆ ಕೀಳುವ ಕೆಲಸ. ನವೆಂಬರಿನಿಂದ ಮಾರ್ಚಿಯವರೆಗೆ ಕಾಫಿಹಣ್ಣು ಬಿಡಿಸುವುದು, ಹೊರುವುದು, ಒಣಗಿಸುವುದು. ಸಂತೆಗೆ ಹೋಗಬೇಕಾದರೆ ಏರಿಳಿತದ ಹಾದಿಯಲ್ಲಿ ಹರದಾರಿಗಟ್ಟಲೆ ನಡಿಗೆ. ಇಂತಹ ದೇಹಶ್ರಮಕ್ಕೆ ಮೂರು ಹೊತ್ತೂ ಅಕ್ಕಿಯ ಆಹಾರವು ಸರಿಹೋಗುತ್ತಿತ್ತು. ಬೆಳಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ. ನಡುನಡುವೆ ಬೆಲ್ಲದ ಕಾಫಿ. ಮಳೆಗಾಲದಲ್ಲಿ ಒಲೆಯ ಮುಂದೆ ಸುಟ್ಟ ಹಲಸಿನ ಹಪ್ಪಳ. ಉಂಡುದು ಸಂಜೆಯ ವೇಳೆಗೆ ಬೆವರಾಗಿ ಕರಗುತ್ತಿದ್ದುದರಿಂದ ಅದು ಹೊಟ್ಟೆಯ ಮೇಲೆ ಕೂರಲು ಅವಕಾಶವೇ ಇರಲಿಲ್ಲ.

ದುಡಿಮೆಗೆ ತಕ್ಕಂತೆ ಅನ್ನದ ಅಗತ್ಯವು ಎಷ್ಟು ಬದಲಾಗುತ್ತದೆಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಅಂಕೆಗಳಲ್ಲಿ ತಿಳಿಸಿದೆ. ಭಾರವಾದ ದೇಹಶ್ರಮ ಮಾಡುವ 65 ಕಿಲೋಗ್ರಾಂ ತೂಕದ ಪುರುಷನಿಗೆ ದಿನಕ್ಕೆ 3,470 ಕಿಲೋಕ್ಯಾಲೊರಿಗಳಷ್ಟು ಶಕ್ತಿ ಬೇಕು. ಮಧ್ಯಮಶ್ರಮದವನಿಗೆ 2,710 ಸಾಕು. ಕುಳಿತು ಕೆಲಸ ಮಾಡುವವನಿಗೆ 2,110 ಮಾತ್ರ. 55 ಕಿಲೋಗ್ರಾಂ ತೂಕದ ಸ್ತ್ರೀಯರಲ್ಲಿ ಈ ಅಂಕೆಗಳು ಅನುಕ್ರಮವಾಗಿ 2,720, 2,130 ಮತ್ತು 1,660. ತೋಟದಲ್ಲಿ ದುಡಿಯುತ್ತಿದ್ದವನು ಪಟ್ಟಣದ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತನೆಂದರೆ, ಅವನಿಗೆ ಬೇಕಾಗುವ ಆಹಾರವು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕಡಮೆಯಾಗುತ್ತದೆ. ಆದರೆ ಹಸಿವಿಗೆ ಈ ಲೆಕ್ಕವು ತಿಳಿಯದು. ಹಸಿವು ದೇಹದ ಅಗತ್ಯದಿಂದ ಹುಟ್ಟುವಷ್ಟೇ ಅಭ್ಯಾಸದಿಂದಲೂ ಹುಟ್ಟುತ್ತದೆ. ನಾಲ್ಕು ರೊಟ್ಟಿಗೆ ಒಗ್ಗಿದ ಹೊಟ್ಟೆಯು ಕುರ್ಚಿಯ ಮೇಲೆ ಕುಳಿತಾಗಲೂ ನಾಲ್ಕನ್ನೇ ಬೇಡುತ್ತದೆ. ಕೆಲಸವು ಒಂದು ದಿನದಲ್ಲಿ ಬದಲಾಗುತ್ತದೆ. ನಾಲಗೆಯು ಬದಲಾಗಲು ತಿಂಗಳುಗಳು ಹಿಡಿಯುತ್ತವೆ. ಈ ನಡುವಣ ತಿಂಗಳುಗಳಲ್ಲಿಯೇ ಬೊಜ್ಜು ಮನೆಮಾಡುವುದು.

ಊರನ್ನು ಬಿಡದವರಿಗೂ ಈ ಮಾತು ಅನ್ವಯಿಸುತ್ತದೆ. ಮೂಡಿಗೆರೆ, ಕಳಸದ ಕಡೆ ಈಗ ಮನೆಯ ಬಾಗಿಲಿಗೆ ಬೈಕು, ಜೀಪುಗಳು ಬರುತ್ತವೆ. ಕತ್ತಿ ಹಿಡಿದು ಸವರುತ್ತಿದ್ದ ಕಳೆಯನ್ನು ಯಂತ್ರವು ಕತ್ತರಿಸುತ್ತದೆ. ಒರಳು ಬೀಸುಕಲ್ಲುಗಳು ಜಗಲಿಯ ಮೂಲೆ ಸೇರಿವೆ. ಶ್ರಮವು ಇಳಿದುದು ಸಂತೋಷದ ಸಂಗತಿಯೇ ಸರಿ. ಆದರೆ ಶ್ರಮದ ಕಾಲದ ಊಟವು ಹಾಗೆಯೇ ಉಳಿದು, ಅದರ ಮೇಲೆ ಬೇಕರಿಯ ತಿಂಡಿಯೂ ಬಾಟಲಿಯ ಸಿಹಿಪಾನೀಯವೂ ಸೇರಿಕೊಂಡಿವೆ.

ಸ್ಥೌಲ್ಯವನ್ನು ಅಳೆಯುವ ಬಗೆ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ಎಂಟು ಬಗೆಯ ನಿಂದ್ಯಶರೀರಗಳ ಸಾಲಿನಲ್ಲಿ ಎಣಿಸಲಾಗಿದೆ. ಇಲ್ಲಿ ನಿಂದೆಯು ವ್ಯಕ್ತಿಗೆ ಸೇರಿದುದಲ್ಲ, ದೇಹಸ್ಥಿತಿಗೆ ಸೇರಿದುದು. ಅತಿಸ್ಥೂಲನಿಗೆ ಆಯುಸ್ಸು ಕುಗ್ಗುತ್ತದೆ, ಚಲನೆಗೆ ಅಡ್ಡಿಯಾಗುತ್ತದೆ, ಬಲವು ಕುಂದುತ್ತದೆ, ಬೆವರು ಹೆಚ್ಚುತ್ತದೆ, ಹಸಿವು ಬಾಯಾರಿಕೆಗಳು ಮಿತಿಮೀರುತ್ತವೆ ಎಂದು ಅಲ್ಲಿ ಹೇಳಿದೆ. ಹಾಗೆಂದು ಕೃಶತೆಯನ್ನು ಆಚಾರ್ಯರು ಆದರ್ಶವಾಗಿ ಎತ್ತಿಹಿಡಿಯಲಿಲ್ಲ. ಅತಿಕೃಶನೂ ರೋಗಕ್ಕೆ ಸುಲಭವಾಗಿ ತುತ್ತಾಗುವವನೇ. ಸಮಶರೀರವೇ ಗುರಿ.

ಇಂದಿನ ವೈದ್ಯರು ಸ್ಥೌಲ್ಯವನ್ನು ಅಳೆಯುವ ಕ್ರಮವು ಸರಳವಾಗಿದೆ. ಕಿಲೋಗ್ರಾಂಗಳಲ್ಲಿ ತೂಕವನ್ನು ಮೀಟರುಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಬೇಕು. ಬಂದ ಭಾಗಲಬ್ಧಕ್ಕೆ ದೇಹತೂಕ ಸೂಚ್ಯಂಕವೆಂದು ಹೆಸರು. ಅದು 18.5ಕ್ಕಿಂತ ಕೆಳಗಿದ್ದರೆ ಕೃಶತೆ. ಭಾರತೀಯರಿಗೆ 23ರ ಮೇಲೆ ಅಧಿಕತೂಕವೆಂದೂ 25ರ ಮೇಲೆ ಸ್ಥೌಲ್ಯವೆಂದೂ ವೈದ್ಯರು ಗಣಿಸುತ್ತಾರೆ. 165 ಸೆಂಟಿಮೀಟರ್ ಎತ್ತರದವನು 72 ಕಿಲೋಗ್ರಾಂ ತೂಗಿದರೆ ಅವನ ಸೂಚ್ಯಂಕವು 26.4 ಆಗುತ್ತದೆ, 23ರ ಒಳಗಿರಬೇಕಾದರೆ ಅವನ ತೂಕವು ಸುಮಾರು 62.5 ಕಿಲೋಗ್ರಾಂ ಮೀರಬಾರದು. ತಕ್ಕಡಿ ಇಲ್ಲದವರು ನಡುವನ್ನು ಅಳೆಯಬಹುದು. ಪುರುಷನ ಹೊಟ್ಟೆಯ ಸುತ್ತಳತೆ 90 ಸೆಂಟಿಮೀಟರನ್ನೂ ಸ್ತ್ರೀಯ ಸುತ್ತಳತೆ 80 ಸೆಂಟಿಮೀಟರನ್ನೂ ದಾಟಿದರೆ ಅದು ಎಚ್ಚರಿಕೆಯ ಗಂಟೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ದೇಹವೂ ನಿರಪಾಯವಾದುದಲ್ಲ. ಹೊಟ್ಟೆಯ ಒಳಗೆ ಸೇರುವ ಕೊಬ್ಬೇ ಮಧುಮೇಹಕ್ಕೂ ರಕ್ತದ ಒತ್ತಡಕ್ಕೂ ಹೃದ್ರೋಗಕ್ಕೂ ಹತ್ತಿರದ ನಂಟ.

ಇದು ಶ್ರೀಮಂತರ ಸಮಸ್ಯೆಯೆಂದು ತಳ್ಳಿಹಾಕುವಂತಿಲ್ಲ. 2019ರಿಂದ 2021ರ ಅವಧಿಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿಯೂ ಪುರುಷರಲ್ಲಿ ಸುಮಾರು 23 ಮಂದಿಯೂ ಅಧಿಕತೂಕ ಅಥವಾ ಸ್ಥೌಲ್ಯವುಳ್ಳವರು. ಇದೇ ಸಮೀಕ್ಷೆಯಲ್ಲಿ ನೂರಕ್ಕೆ 57 ಮಂದಿ ಸ್ತ್ರೀಯರಿಗೆ ರಕ್ತಹೀನತೆಯಿರುವುದೂ ಕಂಡುಬಂದಿದೆ. ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ, ಕೊಬ್ಬಿನ ಹೆಚ್ಚಳವೂ ಸತ್ತ್ವದ ಕೊರತೆಯೂ ಜೊತೆಗಿರಬಹುದೆಂಬುದು ಇದರಿಂದ ತಿಳಿಯುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಅಧ್ಯಯನವು ದೇಶದಲ್ಲಿ ಹತ್ತು ಕೋಟಿಗೂ ಮೀರಿದ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಆದ್ದರಿಂದ ತೂಕವನ್ನು ಇಳಿಸುವುದೆಂದರೆ ಊಟವನ್ನು ತೊರೆಯುವುದೆಂದು ಅರ್ಥಮಾಡಕೂಡದು. ಹೊರೆಯನ್ನು ಇಳಿಸಿ ಸತ್ತ್ವವನ್ನು ಉಳಿಸಿಕೊಳ್ಳುವುದೇ ಅದರ ನಿಜವಾದ ಅರ್ಥ.

ಪಾದಾಂಶಕ್ರಮ

ಅಭ್ಯಾಸವನ್ನು ಬಿಡುವ ಬಗೆ ಹೇಗೆ? ಚರಕಾಚಾರ್ಯರು ಇದಕ್ಕೆ ಪಾದಾಂಶಕ್ರಮವನ್ನು ವಿಧಿಸಿದ್ದಾರೆ. ಪಾದವೆಂದರೆ ಕಾಲುಭಾಗ. ಅಹಿತವಾದ ಅಭ್ಯಾಸವನ್ನು ಕಾಲುಕಾಲು ಭಾಗವಾಗಿ ಬಿಡುತ್ತ, ಬಿಟ್ಟ ಎಡೆಯಲ್ಲಿ ಹಿತವಾದುದನ್ನು ಕಾಲುಕಾಲು ಭಾಗವಾಗಿ ತುಂಬುತ್ತ, ಪ್ರತಿ ಹಂತದ ಬಳಿಕ ದೇಹವು ಒಗ್ಗುವಷ್ಟು ದಿನಗಳ ಬಿಡುವು ಕೊಟ್ಟು ಮುಂದುವರಿಯಬೇಕು. ಹೀಗೆ ಕ್ರಮವಾಗಿ ತೊಲಗಿದ ದೋಷಗಳು ಮರಳಿ ಬರುವುದಿಲ್ಲವೆಂದೂ ಕ್ರಮವಾಗಿ ಬಂದ ಗುಣಗಳು ಅಲುಗಾಡುವುದಿಲ್ಲವೆಂದೂ ಆಚಾರ್ಯರ ಅಭಿಪ್ರಾಯ.

ಆಧುನಿಕ ವೈದ್ಯಶಾಸ್ತ್ರವೂ ಈ ಮಾತಿಗೆ ದೂರವಾಗಿಲ್ಲ. ವಾರಕ್ಕೆ ಅರ್ಧ ಕಿಲೋಗ್ರಾಂ, ಹೆಚ್ಚೆಂದರೆ ಒಂದು ಕಿಲೋಗ್ರಾಂ ತೂಕ ಇಳಿಯುವುದು ಸುರಕ್ಷಿತವೆಂದು ವೈದ್ಯರು ಹೇಳುತ್ತಾರೆ. ಒಮ್ಮೆಗೇ ಉಪವಾಸ ಬಿದ್ದು ಹದಿನೈದು ದಿನಗಳಲ್ಲಿ ಕರಗಿದವನ ದೇಹದಿಂದ ಕೊಬ್ಬಿನೊಡನೆ ಮಾಂಸಖಂಡವೂ ನೀರೂ ಹೋಗಿರುತ್ತವೆ. ದೇಹವು ಬರಗಾಲ ಬಂದಿತೆಂದು ಭಾವಿಸಿ ತನ್ನ ಖರ್ಚನ್ನು ತಗ್ಗಿಸುತ್ತದೆ, ಹಸಿವನ್ನು ಏರಿಸುತ್ತದೆ. ವ್ರತವು ಮುಗಿದ ದಿನದಿಂದ ತೂಕವು ಮರಳಿ ಏರತೊಡಗುತ್ತದೆ. ಇದಕ್ಕೆ ಪ್ರತಿಯಾಗಿ ಇರುವ ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ರಕ್ತದ ಒತ್ತಡ, ರಕ್ತದ ಸಕ್ಕರೆಗಳಲ್ಲಿ ಒಳ್ಳೆಯ ಬದಲಾವಣೆ ಕಾಣುತ್ತದೆ. ಮೇಲೆ ಹೇಳಿದ 72 ಕಿಲೋಗ್ರಾಂ ತೂಕದವನಿಗೆ ಇದು ಮೂರೂವರೆ ಕಿಲೋಗ್ರಾಂಗಿಂತ ಕೊಂಚ ಹೆಚ್ಚು. ವಾರಕ್ಕೆ ಅರ್ಧ ಕಿಲೋಗ್ರಾಂನಂತೆ ಏಳೆಂಟು ವಾರಗಳ ಸಾಧನೆ. ಸಂಧಿಯ ದಿನಕ್ಕೆ ಮೂರು ತಿಂಗಳು ಮೊದಲು ತೊಡಗಿದವನಿಗೆ ಅವಸರಪಡುವ ಕಾರಣವೇ ಇಲ್ಲ.

ಲೋಪ, ಆಗಮ, ಆದೇಶ

ಕನ್ನಡ ವ್ಯಾಕರಣವನ್ನು ಓದಿದ ವಿದ್ಯಾರ್ಥಿಗಳಿಗೆ ಲೋಪ, ಆಗಮ, ಆದೇಶಗಳೆಂಬ ಮೂರು ಸಂಧಿಗಳು ಪರಿಚಿತವಾಗಿವೆ. ಊರು ಎಂಬುದಕ್ಕೆ ಇಂದ ಸೇರಿ ಊರಿಂದ ಎಂದಾಗುವಾಗ ಒಂದು ಸ್ವರವು ಲೋಪವಾಗುತ್ತದೆ. ಮನೆ ಎಂಬುದಕ್ಕೆ ಅನ್ನು ಸೇರಿ ಮನೆಯನ್ನು ಎಂದಾಗುವಾಗ ಯಕಾರವು ಹೊಸದಾಗಿ ಬರುತ್ತದೆ. ಮಳೆ ಎಂಬುದಕ್ಕೆ ಕಾಲ ಸೇರಿ ಮಳೆಗಾಲವಾಗುವಾಗ ಕಕಾರದ ಸ್ಥಾನದಲ್ಲಿ ಗಕಾರವು ಕೂರುತ್ತದೆ. ಎರಡು ಪದಗಳು ಸೊಗಸಾಗಿ ಕೂಡಿಕೊಳ್ಳಲು ಬೇಕಾದ ಈ ಮೂರು ಕಾರ್ಯಗಳೇ ಬಾಳಿನ ಎರಡು ಘಟ್ಟಗಳು ಕೂಡಿಕೊಳ್ಳುವಾಗಲೂ ಊಟದ ಎಲೆಯಲ್ಲಿ ನಡೆಯಬೇಕು.

ಮೊದಲನೆಯದು ಲೋಪ. ಲೋಪಸಂಧಿಗೆ ಒಂದು ಕಟ್ಟಳೆಯಿದೆ: ಅರ್ಥವು ಕೆಡದಿದ್ದರೆ ಮಾತ್ರ ಸ್ವರವನ್ನು ಬಿಡಬಹುದು. ಊಟದಲ್ಲಿಯೂ ದೇಹದ ಪೋಷಣೆಗೆ ಕೆಡುಕಾಗದಂತೆ ಬಿಡಬಹುದಾದುದನ್ನು ಮಾತ್ರ ಬಿಡಬೇಕು. ಕಾಫಿಯ ಸೀಮೆಯಲ್ಲಿ ಇದಕ್ಕೆ ಕಾಫಿಯ ಲೋಟವೇ ಮೊದಲ ಉದಾಹರಣೆ. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 50 ಗ್ರಾಂ ಸಕ್ಕರೆ. ಅದರಿಂದ 200 ಕಿಲೋಕ್ಯಾಲೊರಿ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಹೆಚ್ಚು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಪಾದಾಂಶಕ್ರಮದಂತೆ ಎರಡು ಚಮಚವನ್ನು ಒಂದೂವರೆಗೂ, ವಾರದ ಬಳಿಕ ಒಂದಕ್ಕೂ ಇಳಿಸುತ್ತ, ಐದು ಲೋಟವನ್ನು ಮೂರಕ್ಕೆ ತಂದರೆ ನಾಲಗೆಗೆ ತಿಳಿಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಸಕ್ಕರೆಯು ಲೋಪವಾಗಿರುತ್ತದೆ. ಕರಿದ ತಿಂಡಿ, ಊಟವಾದ ಮೇಲೆ ಸುಮ್ಮನೆ ಮೆಲ್ಲುವ ಕುರುಕಲು, ರಾತ್ರಿ ಹೊತ್ತುಮೀರಿ ಉಣ್ಣುವ ಎರಡನೆಯ ಬಾರಿಯ ಅನ್ನ, ಇವು ಲೋಪಕ್ಕೆ ಅರ್ಹವಾದ ಇತರ ಪದಾರ್ಥಗಳು.

ಎರಡನೆಯದು ಆಗಮ. ಬಿಟ್ಟ ಎಡೆಯು ಬರಿದಾಗಿ ಉಳಿದರೆ ಹಸಿವು ಹಳೆಯದನ್ನೇ ಕರೆತರುತ್ತದೆ. ಸ್ಥೂಲನನ್ನು ಕೃಶಗೊಳಿಸಲು ಗುರುವಾದರೂ ಸಂತರ್ಪಣವಲ್ಲದ ಆಹಾರವನ್ನು, ಎಂದರೆ ಹೊಟ್ಟೆಯಲ್ಲಿ ನಿಧಾನವಾಗಿ ಅರಗುವ ಆದರೆ ಕೊಬ್ಬನ್ನು ಬೆಳೆಸದ ಆಹಾರವನ್ನು ಕೊಡಬೇಕೆಂದು ಚರಕಸಂಹಿತೆಯು ಹೇಳುತ್ತದೆ; ಜವೆಗೋದಿ, ಹೆಸರು, ಹುರುಳಿ, ಮಜ್ಜಿಗೆ, ನೆಲ್ಲಿಕಾಯಿಗಳನ್ನು ಹೆಸರಿಸುತ್ತದೆ. ನಾರಿನಂಶವೂ ಸಸಾರಜನಕವೂ ಹೆಚ್ಚಿರುವ ಆಹಾರದಿಂದ ಹೊಟ್ಟೆ ಬಹುಕಾಲ ತುಂಬಿದಂತಿರುತ್ತದೆಂದು ಇಂದಿನವರು ಹೇಳುವುದೂ ಇದನ್ನೇ. 2024ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯು ಹೊರತಂದ 17 ಮಾರ್ಗಸೂತ್ರಗಳು ತಟ್ಟೆಯ ಅರ್ಧಭಾಗವನ್ನು ತರಕಾರಿ, ಸೊಪ್ಪು, ಗೆಡ್ಡೆಗೆಣಸು, ಹಣ್ಣುಗಳಿಗೆ ಮೀಸಲಿಡುತ್ತವೆ. ಮಲೆನಾಡಿನ ಹಿತ್ತಿಲಿಗೆ ಇದು ಹೊರಗಿನಿಂದ ತರಬೇಕಾದ ವಸ್ತುವೇನಲ್ಲ. ಬಸಳೆ, ಕೆಸು, ಕಳಲೆ, ಬಾಳೆದಿಂಡು, ಹೀರೆ, ಎಳೆ ಹಲಸಿನ ಗುಜ್ಜೆ, ಒಂದೆಲಗದ ತಂಬುಳಿ ಇವೆಲ್ಲವೂ ಅಲ್ಲಿಯೇ ಉಂಟು. ಕೊರತೆಯಿರುವುದು ಪ್ರಮಾಣದಲ್ಲಿ. ಎಲೆಯ ಮೂಲೆಯಲ್ಲಿ ಎರಡು ಚಮಚ ಬೀಳುತ್ತಿದ್ದ ಪಲ್ಯವು ಎಲೆಯ ಅರ್ಧಕ್ಕೆ ಬರಬೇಕು. ಅನ್ನದ ರಾಶಿಯು ಆ ಮೂಲೆಗೆ ಸರಿಯಬೇಕು.

ಮೂರನೆಯದು ಆದೇಶ. ಒಂದರ ಸ್ಥಾನದಲ್ಲಿ ಅದಕ್ಕೆ ಸಮೀಪವಾದ ಇನ್ನೊಂದು ಬರುವುದೇ ಆದೇಶ. ಕಕಾರದ ಸ್ಥಾನಕ್ಕೆ ಗಕಾರವು ಬರುವುದು ಎರಡರ ಉಚ್ಚಾರಣಸ್ಥಾನವೂ ಒಂದೇ ಆಗಿರುವುದರಿಂದ. ಆಹಾರದಲ್ಲಿಯೂ ದೂರದ ದೇಶದ ಪದಾರ್ಥಗಳನ್ನು ಹುಡುಕುವ ಬದಲು ಹತ್ತಿರದ ಪರ್ಯಾಯವನ್ನು ಆರಿಸಿಕೊಳ್ಳುವುದು ಬಾಳಿಕೆಯ ಮಾರ್ಗ. ಕರಿದ ಹಪ್ಪಳಕ್ಕೆ ಸುಟ್ಟ ಹಪ್ಪಳವು ಆದೇಶ. ಮಿಕ್ಸ್ಚರಿಗೆ ಬೇಯಿಸಿದ ಹೆಸರುಕಾಳಿನ ಉಸಲಿಯು ಆದೇಶ. ಬಾಟಲಿಯ ಪಾನೀಯಕ್ಕೆ ನೀರುಮಜ್ಜಿಗೆಯು ಆದೇಶ. ವಾರದಲ್ಲಿ ಮೂರು ರಾತ್ರಿ ಅನ್ನಕ್ಕೆ ರಾಗಿಮುದ್ದೆ ಮತ್ತು ಹುರುಳಿಸಾರು ಆದೇಶ. ಇವುಗಳಲ್ಲಿ ಯಾವುದೂ ಮನೆಯ ಹಿರಿಯರಿಗೆ ಅಪರಿಚಿತವಲ್ಲ, ಆದ್ದರಿಂದಲೇ ಬಾಳುತ್ತವೆ.

ನಾಲ್ಕು ಸಂಧಿಗಳು

ವಿದ್ಯಾರ್ಥಿಯ ವಿಷಯವನ್ನು ಮೊದಲು ಪರಿಶೀಲಿಸಬಹುದು. ಕಳಸದ ಕಡೆಯ ಹುಡುಗನು ಮಂಗಳೂರಿಗೋ ಬೆಂಗಳೂರಿಗೋ ಓದಲು ಹೋದಾಗ ಅವನ ನಡಿಗೆಯು ನಿಲ್ಲುತ್ತದೆ. ಊಟದ ವೇಳೆಯು ಅವನ ಇಚ್ಛೆಗೆ ಸೇರುತ್ತದೆ. ಕೈಯಲ್ಲಿ ಹಣವೂ ಎದುರಿಗೆ ಅಂಗಡಿಯೂ ಇರುತ್ತವೆ. ಹೊರಡುವ ಮುನ್ನಿನ ಬೇಸಗೆಯ ರಜೆಯಲ್ಲಿಯೇ ಅವನು ಮೂರು ಅಭ್ಯಾಸಗಳನ್ನು ಮೈಗೂಡಿಸಿಕೊಳ್ಳುವುದು ಒಳ್ಳೆಯದು: ಬೆಳಗಿನ ಉಪಾಹಾರವನ್ನು ತಪ್ಪಿಸದಿರುವುದು, ಬಾಯಾರಿಕೆಗೆ ನೀರನ್ನೇ ಕುಡಿಯುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು. ಇದರೊಡನೆ ಹೆಸರುಬೇಳೆಯ ಕಿಚಡಿಯೊಂದನ್ನು ತಾನೇ ಬೇಯಿಸಿಕೊಳ್ಳಲು ಕಲಿತರೆ ಹುಡುಗನಾಗಲಿ ಹುಡುಗಿಯಾಗಲಿ ಪಟ್ಟಣದಲ್ಲಿ ಪರಾಧೀನರಾಗುವುದಿಲ್ಲ.

ಎರಡನೆಯದು ವಿವಾಹಸಂಧಿ. ಲಗ್ನವು ನಿಶ್ಚಯವಾದ ಮನೆಗಳಲ್ಲಿ ಇಂದು ಕಾಣಬರುವ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕು. ಚಿತ್ರದಲ್ಲಿ ಸಣ್ಣಗೆ ಕಾಣಬೇಕೆಂಬ ಹಂಬಲದಿಂದ ಹೆಣ್ಣುಮಕ್ಕಳು ಊಟವನ್ನೇ ತೊರೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಸ್ತ್ರೀಯರಿಗೆ ರಕ್ತಹೀನತೆಯಿರುವ ದೇಶದಲ್ಲಿ ಇದು ಗಾಯದ ಮೇಲೆ ಬರೆ. ಮುಹೂರ್ತವು ಒಂದು ದಿನದ್ದು, ಸಂಸಾರವು ಬಾಳಿನುದ್ದದ್ದು. ತೂಕವು ನಿಜಕ್ಕೂ ಹೆಚ್ಚಿದ್ದರೆ ವಧೂವರರಿಬ್ಬರೂ ಮೂರು ನಾಲ್ಕು ತಿಂಗಳು ಮೊದಲು ತೊಡಗಿ ಕ್ರಮವಾಗಿ ಇಳಿಸಿಕೊಳ್ಳಲಿ. ತೂಕವು ಸರಿಯಿದ್ದರೆ ರಕ್ತಪರೀಕ್ಷೆ ಮಾಡಿಸಿಕೊಂಡು ಸೊಪ್ಪು, ಕಾಳು, ನೆಲ್ಲಿಕಾಯಿಗಳಿಂದ ಬಲವನ್ನು ಹೆಚ್ಚಿಸಿಕೊಳ್ಳಲಿ. ವಿವಾಹಾನಂತರದ ತಿಂಗಳುಗಳು ಔತಣಗಳ ತಿಂಗಳುಗಳು. ನೆಂಟರ ಮನೆಯಲ್ಲಿ ಹೋಳಿಗೆ ಬಡಿಸುವ ಅಜ್ಜಿಯು “ಇನ್ನೊಂದು ಹಾಕಿಸ್ಕೊ ಮಗ, ನೀನೇನು ಉಂಡಿದ್ದೀಯ” ಎಂದಾಗ ಬೇಡವೆನ್ನುವುದು ಕಷ್ಟ. “ಸಾಕು ಅಜ್ಜಿ, ತುಂಬಾ ಚೆನ್ನಾಗಿತ್ತು” ಎಂದು ಎಲೆಯ ಮೇಲೆ ಕೈಯಡ್ಡ ಹಿಡಿಯುವ ವಿನಯವನ್ನು ಮೊದಲೇ ರೂಢಿಸಿಕೊಂಡವರು ಪ್ರೀತಿಗೂ ನೋವಾಗದಂತೆ, ಹೊಟ್ಟೆಗೂ ಭಾರವಾಗದಂತೆ ಪಾರಾಗುತ್ತಾರೆ.

ಮೂರನೆಯದು ಮಾತೃತ್ವ. ಇಲ್ಲಿ ‘ಮುಂಚೆ’ ಎಂಬ ಮಾತಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆಯಿದೆ. ಸ್ಥೌಲ್ಯವು ಗರ್ಭಿಣಿಯಲ್ಲಿ ಮಧುಮೇಹ, ರಕ್ತದೊತ್ತಡಗಳ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಗರ್ಭ ನಿಂತ ಮೇಲೆ ತೂಕ ಇಳಿಸಲು ಉಪವಾಸ ಹಿಡಿಯುವಂತಿಲ್ಲ. ಆದ್ದರಿಂದ ತೂಕವನ್ನು ಹದಕ್ಕೆ ತರುವುದು, ರಕ್ತಹೀನತೆಯನ್ನು ನೀಗಿಸುವುದು, ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಗುಳಿಗೆಯನ್ನು ತೊಡಗುವುದು ಇವೆಲ್ಲ ಮೊದಲೇ ಆಗಬೇಕಾದ ಕಾರ್ಯಗಳು. ಬಸುರಿಯು ಇಬ್ಬರ ಊಟವನ್ನು ಉಣ್ಣಬೇಕೆಂಬ ನುಡಿಯು ಲೆಕ್ಕಕ್ಕೆ ಹೊಂದುವುದಿಲ್ಲ. ರಾಷ್ಟ್ರೀಯ ಪೋಷಣ ಸಂಸ್ಥೆಯು ಹೆಚ್ಚಿಗೆ ವಿಧಿಸಿರುವುದು ದಿನಕ್ಕೆ 350 ಕಿಲೋಕ್ಯಾಲೊರಿ ಮಾತ್ರ. ಬೇಕಾದುದು ಹೆಚ್ಚು ಅನ್ನಕ್ಕಿಂತ ಹೆಚ್ಚು ಸತ್ತ್ವ.

ನಾಲ್ಕನೆಯದು ನಿವೃತ್ತಿ. ಅರುವತ್ತನೆಯ ವಯಸ್ಸಿನಲ್ಲಿ ಓಡಾಟವು ನಿಲ್ಲುತ್ತದೆ, ಹೊತ್ತು ಹೋಗುವುದಿಲ್ಲ, ಅಡುಗೆಮನೆಯು ಹತ್ತಿರವಾಗುತ್ತದೆ. ಹೊತ್ತು ಕಳೆಯುವುದಕ್ಕಾಗಿ ತಿನ್ನುವುದು ಈ ಕಾಲದ ಮುಖ್ಯ ದೋಷ. ಇದೇ ವಯಸ್ಸಿನಲ್ಲಿ ಮಾಂಸಖಂಡಗಳು ತಾವಾಗಿಯೇ ಸವೆಯತೊಡಗುವುದರಿಂದ ಬರೀ ಗಂಜಿಗೆ ಇಳಿಯುವುದೂ ತಪ್ಪು. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಒಂದು ಗ್ರಾಂನ ಸಮೀಪ ಸಸಾರಜನಕವು ಬೇಕು. ಅಕ್ಕಿಯೊಂದರಿಂದಲೇ ಅದು ದೊರೆಯದು, ಕಾಳು, ಬೇಳೆ, ಹಾಲು, ಮೊಸರುಗಳು ಬೇಕು. ನಿವೃತ್ತಿಗೆ ಒಂದು ವರ್ಷ ಮೊದಲೇ ರಾತ್ರಿಯ ಅನ್ನವನ್ನು ತಗ್ಗಿಸಿ, ವಾರಕ್ಕೆ ಒಟ್ಟು 150 ನಿಮಿಷಗಳ ಚುರುಕಾದ ನಡಿಗೆಯನ್ನು ರೂಢಿಸಿಕೊಂಡವನು ಬಿಡುವಿನ ದಿನಗಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯುವ ಸಂಭವವು ಕಡಮೆ. ಮಧುಮೇಹ, ಹೃದ್ರೋಗಗಳಿಗೆ ಔಷಧ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಊಟವನ್ನು ತಗ್ಗಿಸಕೂಡದು. ಗುಳಿಗೆಯ ಪ್ರಮಾಣವು ಊಟದ ಪ್ರಮಾಣಕ್ಕೆ ಹೊಂದಿಕೊಂಡಿರುತ್ತದೆ.

ಪ್ರಸಾದದೃಷ್ಟಿ

ಶರಣಪರಂಪರೆಯಲ್ಲಿ ಅನ್ನವು ಕೇವಲ ಪದಾರ್ಥವಾಗಿ ಉಳಿಯುವುದಿಲ್ಲ; ಅರ್ಪಿತವಾಗಿ ಪ್ರಸಾದವಾಗುತ್ತದೆ. ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿದೆ. ಪ್ರಸಾದವನ್ನು ಚೆಲ್ಲಕೂಡದೆಂಬ ನಿಯಮವನ್ನು ಮಠದ ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬ ಬಾಲಕನೂ ಬಲ್ಲನು. ಆದರೆ ಈ ನಿಯಮವನ್ನು ಅರ್ಧ ತಿಳಿದವರು ಅದನ್ನು ಅತಿಭೋಜನಕ್ಕೆ ನೆಪವಾಗಿ ಮಾಡಿಕೊಳ್ಳುವುದುಂಟು. ಎಲೆಯ ತುಂಬ ಬಡಿಸಿಕೊಂಡು, ಚೆಲ್ಲಬಾರದೆಂದು ಹೊಟ್ಟೆಗೆ ತುರುಕುವುದು ಪ್ರಸಾದಕ್ಕೆ ಸಲ್ಲಿಸುವ ಗೌರವವಾಗದು. ಚೆಲ್ಲದಿರುವ ನಿಯಮವು ತೊಡಗುವುದು ಕೈ ತೊಳೆಯುವಾಗ ಅಲ್ಲ, ಬಡಿಸಿಕೊಳ್ಳುವಾಗ. ಹಸಿವಿಗಿಂತ ಒಂದು ತುತ್ತು ಕಡಮೆ ಬಡಿಸಿಕೊಂಡವನು ಪ್ರಸಾದವನ್ನೂ ಕೆಡಿಸುವುದಿಲ್ಲ, ದೇಹವನ್ನೂ ಕೆಡಿಸುವುದಿಲ್ಲ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ಎರಡನ್ನು ಅನ್ನಕ್ಕೂ ಒಂದನ್ನು ನೀರಿಗೂ ಇನ್ನೊಂದನ್ನು ಗಾಳಿಗೂ ಬಿಡಬೇಕೆಂದು ವಾಗ್ಭಟನು ಹೇಳಿದುದರ ತಾತ್ಪರ್ಯವೂ ಇದೇ. ಉಳಿದ ತುತ್ತು ದಾಸೋಹಕ್ಕೆ ಸಲ್ಲುತ್ತದೆ.

ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ 111 ವರ್ಷಗಳ ತುಂಬುಬಾಳನ್ನು ಬಾಳಿದರು. ದಿನವೂ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದ ಆ ಮಹಾನುಭಾವರು ತಾವು ಸ್ವೀಕರಿಸುತ್ತಿದ್ದುದು ಅತ್ಯಲ್ಪವೂ ಸರಳವೂ ಆದ ಆಹಾರವನ್ನು. ಅನ್ಯರಿಗೆ ಧಾರಾಳವಾಗಿ ಇಕ್ಕುವುದೂ ತನಗೆ ಮಿತವಾಗಿ ಇಕ್ಕಿಕೊಳ್ಳುವುದೂ ಒಂದೇ ಶೀಲದ ಎರಡು ಮುಖಗಳೆಂಬುದಕ್ಕೆ ಅವರ ಬಾಳು ಪ್ರತ್ಯಕ್ಷ ಪ್ರಮಾಣ.

ಮಿತಾಹಾರವು ಒಂದು ಸಂಧಿಯನ್ನು ದಾಟುವುದಕ್ಕಾಗಿ ಹಿಡಿದು ದಾಟಿದ ಮೇಲೆ ಬಿಡುವ ಊರುಗೋಲಲ್ಲ. ಸಂಧಿಗೆ ಮುಂಚೆ ತೊಡಗಬೇಕೆಂಬುದು ಅದು ಸಂಧಿಯ ಬಳಿಕವೂ ಉಳಿಯಲೆಂದೇ. ಮಳೆಗಾಲವು ಬರುವ ಮೊದಲೇ ಸೌದೆಯನ್ನು ಒಟ್ಟುವ, ಮಾಡಿಗೆ ಹೆಂಚು ಹೊಂದಿಸುವ, ಹಪ್ಪಳ ಸಂಡಿಗೆಗಳನ್ನು ಒಣಗಿಸಿಡುವ ಮಲೆನಾಡಿನ ಜನರಿಗೆ ಮುಂಜಾಗರೂಕತೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಮನೆಗಾಗಿ ಮಾಡುವ ಈ ಸಿದ್ಧತೆಯನ್ನು ಮೈಗಾಗಿಯೂ ಮಾಡಿಕೊಳ್ಳಬೇಕಾಗಿದೆ. ಈ ವರ್ಷ ಶಾಲೆಯನ್ನು ಬಿಟ್ಟು ಹೊರಡಲಿರುವ ವಿದ್ಯಾರ್ಥಿಗಳು ತಮ್ಮ ಪೆಟ್ಟಿಗೆಯನ್ನು ಕಟ್ಟುವ ಮೂರು ತಿಂಗಳು ಮೊದಲು ತಮ್ಮ ಎಲೆಯನ್ನು ತಿದ್ದಿಕೊಳ್ಳಲಿ.